ಲ್ಯಾಟರಲ್ ಮಾವ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹುಂಚದಲ್ಲಿ ಹುಡುಗರಿಗಿಂತ ಮೊದಲು ಮೈದುಂಬುವುದು ಲ್ಯಾಟರಲ್ ಮಾವನಿಗೆ. ಹೆತ್ತವರಿಟ್ಟ ಹೆಸರು ಅವರಿಗೂ ಇದೆ, ಆದರೆ ರೇಷನ್ ಕಾರ್ಡಿನಿಂದಾಚೆಗೆ ಅದಕ್ಕೆ ಬಳಕೆಯಿಲ್ಲ. ಸಣ್ಣ ಅಡಿಕೆ ತೋಟ, ಬಾಯಲ್ಲಿ ಸದಾ ಎಲೆಯಡಿಕೆಯ ಕವಳ, ಜೇಬಿನಲ್ಲಿ ಪೆನ್ನು.

ಈ ಸಲ ಪಾಸಾದ ಹುಡುಗನೊಬ್ಬನ ತಾಯಿಗೂ ಅದೇ ಉಪದೇಶ: "ಎಂತಕ್ಕೆ ಪಿಯುಸಿ, ತಂಗೀ? ಡಿಪ್ಲೊಮಾಕ್ಕೆ ಹಾಕು. ಮೂರು ವರ್ಷ ಪಾಲಿಟೆಕ್ನಿಕ್ಕು, ಆಮೇಲೆ ಡಿಸಿಇಟಿ ಪರೀಕ್ಷೆ. ಲ್ಯಾಟರಲ್ಲಲ್ಲಿ ಸೀದಾ ಬಿಇ ಎರಡನೇ ವರ್ಷ. ಒಂದು ವರ್ಷ ಉಳೀತಲ್ಲ!"

ಹಲಸಿನ ಹಪ್ಪಳ ಒತ್ತುತ್ತಿದ್ದ ಹುಡುಗನ ಅಜ್ಜಿ ತಲೆಯೆತ್ತದೆ ಕೇಳಿದರು: "ಪಿಯುಸಿ ಎರಡು, ಬಿಇ ನಾಲ್ಕು, ಆರಾತು. ನಿಂದು ಮೂರು, ಮತ್ತೆ ಮೂರು. ಅದೂ ಆರೇ ಅಲ್ದನಾ?"

ಮಾವ ಕವಳ ಉಗಿಯಲು ಎದ್ದರು. ಉತ್ತರ ಹೊಳೆಯದಾಗಲೆಲ್ಲ ಅವರ ಬಾಯಿ ತುಂಬಿರುತ್ತದೆ. ವಾಪಸು ಬಂದವರು, "ಲೆಕ್ಕ ಸರಿ ಅಜ್ಜಿ. ಆದ್ರೆ ಪಿಯುಸಿ ಮುಗಿಸಿ ರ‍್ಯಾಂಕು ಬರದಿದ್ರೆ ಕೈಲಿ ಎಂತ ಇರ್ತದೆ? ಇಲ್ಲಿ ಡಿಪ್ಲೊಮಾ ಆದ್ರೂ ಇರ್ತದೆ" ಎಂದರು. ಸುಳ್ಳಲ್ಲ. ಮಾವನ ತೊಂದರೆಯೇ ಅದು, ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಗಣಿತ. ಲ್ಯಾಟರಲ್ಲಲ್ಲಿ ನುಸುಳಿದವರು ಬಿಇ ಮೊದಲ ವರ್ಷ ತಪ್ಪಿಸಿಕೊಳ್ಳಬಹುದು, ಅದರ ಗಣಿತ ಬಿಡುವುದಿಲ್ಲ. ಅವರಿಗೆಂದೇ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೆಚ್ಚುವರಿ ಗಣಿತ ಇಟ್ಟಿದೆ. ಇದನ್ನು ಮಾವ ಹೇಳುವುದು ಸೀಟು ಸಿಕ್ಕಿ ಫೀಸು ಕಟ್ಟಿದ ಮೇಲೆ.

ಮದುವೆ ಕಾಗದದ ಬೆನ್ನಿಗೆ ಅವರು ಬರೆಯುವ ನಕ್ಷೆ ನೋಡಬೇಕು. ಹುಂಚದಿಂದ ಹೊರಟ ಬಾಣ ಸಾಗರದ ಪಾಲಿಟೆಕ್ನಿಕ್ಕಿಗೆ, ಅಲ್ಲಿಂದ ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜು ಜೆಎನ್‌ಎನ್‌ಸಿಇಗೆ, ಆಮೇಲೆ ಬೆಂಗಳೂರಿಗೆ. ಕಾಗದ ಮುಗಿದರೆ ಮಗುಚಿ, 'ಆಶೀರ್ವಾದವೇ ಉಡುಗೊರೆ'ಯ ಕೆಳಗೆ ಅಮೆರಿಕ. ಅಲ್ಲಿಯೂ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ದಾಟುತ್ತಾರೆಂದು ಅಣ್ಣನ ಮಗ ಫೋನಿನಲ್ಲಿ ಹೇಳಿದ್ದೇ ತಡ, "ಅವ್ರೂ ನಮ್ಮ ರೂಟಿಗೇ ಬಂದ್ರು" ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಾರಿದರು.

ಕೌನ್ಸೆಲಿಂಗ್ ಶುರುವಾದರೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ನೆನಪಿರುವುದಿಲ್ಲ. ಊರಲ್ಲಿ ಮಳೆಗೆ ಕರೆಂಟು ಹೋದರೆ ರಿಪ್ಪನ್‌ಪೇಟೆಯ ಸೈಬರ್‌ನಲ್ಲಿ ಕೂತು ಪಾಠ: ಚಾಯ್ಸ್ 1 ಅಂದರೆ ಒಪ್ಪಿ ಸೇರುವುದು, 2 ಅಂದರೆ ಸಿಕ್ಕಿದ ಸೀಟು ಕೈಲಿಟ್ಟುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವುದು. "ನನ್ನ ನೋಡಕ್ಕೆ ಬಂದಾಗ ಇವ್ರು ಒತ್ತಿದ್ದು ಎರಡನ್ನೇ" ಎನ್ನುತ್ತಾರೆ ಅತ್ತೆ.

ಶುಕ್ರವಾರ ಆ ತಾಯಿ ಮಗನನ್ನು ಕರೆದುಕೊಂಡು ಊರ ಬಸದಿಯ ಪದ್ಮಾವತಿ ಅಮ್ಮನವರ ಸನ್ನಿಧಿಗೆ ಹೋದಳು. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಅಮ್ಮನ ಒಪ್ಪಿಗೆ ಎಂದು ಭಕ್ತರ ನಂಬಿಕೆ. ಬಿತ್ತು. ಅಂಗಳದಲ್ಲಿ ಕಾಯುತ್ತಿದ್ದ ಮಾವ ಧಾವಿಸಿದರು: "ಎಂತ ಕೇಳ್ಕಂಡೆ ತಂಗೀ? ಡಿಪ್ಲೊಮಾ ತಾನೇ?"

"ಕೇಳ್ಕಂಡಿದ್ದು ನಾನು, ಮಾವ" ಎಂದ ಹುಡುಗ. "ಐಟಿಐಗೆ ಹೋಗ್ತೀನಿ ಅಂತ."

ಮಾವನ ಬಾಯಿ ತುಂಬಿತ್ತು. ಬಸದಿಯ ಅಂಗಳ, ಉಗಿಯುವ ಹಾಗಿಲ್ಲ. ನುಂಗಿದರು.

"ಅಡ್ಡಿಲ್ಲ. ಐಟಿಐ ಎರಡು ವರ್ಷ ಮುಗಿಸಿದ್ರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಉಂಟು. ಅಲ್ಲಿಂದ..." ಎನ್ನುತ್ತಾ ಜೇಬಿಗೆ ಕೈ ಹಾಕಿದರು.