ಮುಲಾಮು ಮೀಮಾಂಸೆ: ನಾಲ್ಕು ತಾಲೂಕುಗಳ ಲೇಪಕರ ಲಕ್ಷಣಗ್ರಂಥ

ಶಾಸ್ತ್ರ ಎಂದಮೇಲೆ ಮೊದಲು ದೇಶನಿರ್ಣಯ ಆಗಬೇಕು. ಪಡುವಣಕ್ಕೆ ಕಿತ್ತೂರು, ಮೂಡಣಕ್ಕೆ ರಾಮದುರ್ಗ, ನಡುವೆ ಬೈಲಹೊಂಗಲ ಮತ್ತು ಸವದತ್ತಿ. ಇದು ಮಲಪ್ರಭೆಯ ಸೀಮೆ. ಎರೆಮಣ್ಣು, ಹತ್ತಿ, ಜೋಳ, ಕಬ್ಬಿನ ಸೀಮೆ. ಇಲ್ಲಿಯ ಮನುಷ್ಯನಿಗೆ ಮೈ ಕಡಿಯಲು ಕಾರಣಗಳ ಕೊರತೆಯಿಲ್ಲ. ಜೋಳದ ರಾಶಿಯ ಸುಂಕು, ಕಬ್ಬಿನ ರವದಿ, ಮಳೆಗಾಲದ ಒದ್ದೆ ಪ್ಯಾಂಟು, ರಾಮದುರ್ಗದ ಮಗ್ಗದ ಬಣ್ಣದ ನೂಲು, ಯಲ್ಲಮ್ಮನ ಗುಡ್ಡದಲ್ಲಿ ಹಣೆಗೆ ಹತ್ತಿದ ಕುಂಕುಮ. ಕಾರಣ ಇಷ್ಟಿದ್ದರೂ ಪರಿಹಾರ ಒಂದೇ: ಮೆಡಿಕಲ್ ಅಂಗಡಿಯ ಟ್ಯೂಬು. ಈ ಅದ್ವೈತವನ್ನು ಖಂಡಿಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ.

ಇನ್ನು ದ್ರವ್ಯನಿರೂಪಣೆ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ಇಬ್ಬರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿದರೆ ಇಸುಬು ಇಳಿಯುತ್ತದೆಂದು ತೋರಿಸಿದರು. ಅಲ್ಲಿಂದ ಸ್ಟಿರಾಯ್ಡ್ ಮುಲಾಮುಗಳ ವಂಶ ಬೆಳೆಯಿತು. ಈಗ ಅದರಲ್ಲಿ ನಾಲ್ಕು ದರ್ಜೆ: ಮೃದು, ಮಧ್ಯಮ, ತೀಕ್ಷ್ಣ, ಅತಿತೀಕ್ಷ್ಣ. ದರ್ಜೆಯೂ ನಾಲ್ಕು, ತಾಲೂಕೂ ನಾಲ್ಕು. ಶಾಸ್ತ್ರಕಾರನಿಗೆ ಇಂಥ ಯೋಗಾಯೋಗ ಸಿಕ್ಕರೆ ಬಿಡಬಾರದು. ಆದರೆ ಅತಿತೀಕ್ಷ್ಣವನ್ನು ಯಾವ ತಾಲೂಕಿಗೆ ಕೊಡುವುದೆಂದು ಹೊರಟರೆ ಗ್ರಂಥ ಮುಗಿಯುವ ಮೊದಲೇ ಹೊಡೆದಾಟ ಆದೀತು, ಬಿಟ್ಟಿದ್ದೇನೆ. ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಮೃದು. ಶೇಕಡಾ 0.1ರ ಬೆಟಾಮೆಥಸೋನ್ ವ್ಯಾಲರೇಟ್ ತೀಕ್ಷ್ಣ. ಶೇಕಡಾ 0.05ರ ಕ್ಲೊಬೆಟಸಾಲ್ ಪ್ರೊಪಿಯೊನೇಟ್ ಅತಿತೀಕ್ಷ್ಣ. ಅಂಕಿ ಇಳಿದಂತೆ ಉರಿ ಏರಿದ್ದನ್ನು ಗಮನಿಸಬೇಕು. 'ಬರೇ ಪಾಯಿಂಟ್ ಸೊನ್ನೆ ಐದು ಐತಿ, ಏನಾಗ್ತೈತಿ' ಎನ್ನುವವನು ಗಣಿತದಲ್ಲಿ ಪಾಸು, ಚರ್ಮದಲ್ಲಿ ನಾಪಾಸು.

ಈಗ ಲೇಪಕರ ವರ್ಗಗಳು.

ಮೊದಲನೆಯದು ಬಳುವಳಿ ಲೇಪಕ. ಅಳಿಯನ ಮೊಣಕಾಲಿಗೆ ಡಾಕ್ಟರು ಬರೆದ ಟ್ಯೂಬು ಮಾವನ ಬೆನ್ನಿಗೆ, ಅಲ್ಲಿಂದ ಮೊಮ್ಮಗನ ಕೆನ್ನೆಗೆ. ಈ ವರ್ಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಇದ್ದಾರೆ. ಕೂಸುಗಳ ಚರ್ಮ ತೆಳು. ಔಷಧ ಒಳಗೆ ಇಳಿಯುವುದು ಬೇಗ. ಲಂಗೋಟಿ, ಡೈಪರ್ ಕಟ್ಟುವ ಜಾಗದಲ್ಲಂತೂ ಮುಚ್ಚಿದಷ್ಟೂ ಅದರ ಬಲ ಹೆಚ್ಚುತ್ತದೆ.

ಎರಡನೆಯದು ಕಾಂತಿಲೇಪಕ. ಲಗ್ನಕ್ಕೋ ಜಾತ್ರೆಗೋ ಮುಂಚೆ ಕಾಣಿಸಿಕೊಳ್ಳುವ ವರ್ಗ, ಹೆಣ್ಣು-ಗಂಡು ಭೇದವಿಲ್ಲ. ಇವರ ಸಿದ್ಧಾಂತಕ್ಕೆ ಅರ್ಧ ಆಧಾರವೂ ಉಂಟು. ಸ್ಟಿರಾಯ್ಡ್ ಹಚ್ಚಿದ ಕಡೆ ರಕ್ತನಾಳಗಳು ಕುಗ್ಗಿ ಚರ್ಮ ಬಿಳಿಚುತ್ತದೆ. 1962ರಿಂದ ವಿಜ್ಞಾನಿಗಳು ಮುಲಾಮಿನ ಬಲ ಅಳೆಯುತ್ತಿರುವುದೂ ಈ ಬಿಳಿಚುವಿಕೆಯಿಂದಲೇ. ಅವರು ಮುಂಗೈಯಲ್ಲಿ ಅಳೆದು ಒರೆಸಿಬಿಟ್ಟರು, ನಮ್ಮವರು ಮುಖಕ್ಕೆ ವರ್ಷಗಟ್ಟಲೆ ಹಚ್ಚಿದರು. ಫಲ: ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುವುದು, ಮೊಡವೆ, ಬೇಡದ ಕಡೆ ಕೂದಲು. ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುತ್ತದೆ, ಆ ಉರಿಗೆ ಅಂಜಿ ಮತ್ತೆ ಅದನ್ನೇ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು ಈ ಸ್ಥಿತಿಗೆ 'ಸ್ಟಿರಾಯ್ಡ್‌ನಿಂದ ಕೆಟ್ಟ ಮುಖ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಇಂಥವರು ತಾವೇ ತಟ್ಟನೆ ನಿಲ್ಲಿಸದೆ ವೈದ್ಯರ ಮುಂದೆ ಹಂತಹಂತವಾಗಿ ಬಿಡಬೇಕು.

ಮೂರನೆಯದು ಗಜಕರ್ಣ ಲೇಪಕ. ಸಂಖ್ಯೆಯಲ್ಲಿ ಈ ವರ್ಗವೇ ದೊಡ್ಡದೆಂಬುದು ನನ್ನ ಗುಮಾನಿ. ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಸಂವಾದ ಹೀಗೆ:

'ಅಣ್ಣಾರ, ತೊಡೀ ಸಂದ್ಯಾಗ ಭಾಳ ತಿಂಡಿ ಬಿಟ್ಟೈತ್ರಿ. ಒಂದು ಟ್ಯೂಬ್ ಕೊಡ್ರಿ.'

'ಯಾವುದು ಕೊಡ್ಲಿ?'

'ಹ್ವಾದ ಸಲ ಕೊಟ್ಟಿದ್ರಲ್ರಿ, ಅದನ್ನ.'

ಹೋದ ಸಲದ್ದು ಕೆಲಸ ಮಾಡಿದ್ದರೆ ಈ ಸಲ ಯಾಕೆ ಬಂದೆ ಎಂದು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಗಜಕರ್ಣ, ಹುಳುಕಡ್ಡಿ ಎಂದು ನಾವು ಕರೆಯುವುದು ಶಿಲೀಂಧ್ರದ ಸೋಂಕು. ಸ್ಟಿರಾಯ್ಡ್ ಆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರ ಮೇಲೆ ಏರಿಹೋಗುತ್ತಿದ್ದ ನಮ್ಮ ಮೈಯ ಸೈನ್ಯವನ್ನು ಮಲಗಿಸುತ್ತದೆ. ಮೂರು ದಿನ ಕಡಿತ ನಿಂತಿತೆಂದು ಖುಷಿ. ಅಷ್ಟರಲ್ಲಿ ಶಿಲೀಂಧ್ರ ತೊಡೆಯಿಂದ ಸೊಂಟಕ್ಕೆ, ಸೊಂಟದಿಂದ ಹೊಟ್ಟೆಗೆ ನಡೆದಿರುತ್ತದೆ. ಗುಂಡಗಿನ ಅಂಚು ಅಳಿಸಿಹೋಗಿ ಅನುಭವಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಈ ವೇಷಧಾರಿ ಹುಳುಕಡ್ಡಿಯನ್ನು 1968ರಲ್ಲೇ ಬ್ರಿಟನ್ನಿನ ವೈದ್ಯರು ವರ್ಣಿಸಿದ್ದರು. ತರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೇ ಹಲವು ಸಲ ಬಗ್ಗದ, ಹುಳುಕಡ್ಡಿ ತರುವ ಒಂದು ಶಿಲೀಂಧ್ರಕ್ಕೆ 2020ರಲ್ಲಿ 'ಇಂಡೋಟಿನಿಯೇ' ಎಂದು ನಾಮಕರಣವಾಯಿತು. ದೇಶದ ಹೆಸರು ಹೀಗೂ ಬೆಳಗುತ್ತದೆ.

ಸ್ಥಳದ ವಿಚಾರವೂ ಇಲ್ಲೇ ಬರುತ್ತದೆ. 1967ರ ಒಂದು ಅಳತೆಯ ಪ್ರಕಾರ ಮುಂಗೈಯಲ್ಲಿ ಹೈಡ್ರೊಕಾರ್ಟಿಸೋನ್ ಒಳಗಿಳಿಯುವ ಪ್ರಮಾಣ 1 ಎಂದಿಟ್ಟರೆ ಹಣೆಯಲ್ಲಿ 6, ದವಡೆಯಲ್ಲಿ 13, ವೃಷಣದ ಚರ್ಮದಲ್ಲಿ 42. ಸಂದಿಗೆ ತೀಕ್ಷ್ಣ ಮುಲಾಮು ಹಚ್ಚುವ ಗಂಡಸರು ಈ ಕೊನೆಯ ಅಂಕಿಯನ್ನು ಬಾಯಿಪಾಠ ಮಾಡಬೇಕು. ಇಂಥ ಮುಲಾಮಿನಿಂದ ತೊಡೆಯ ಮೇಲೆ ಒಮ್ಮೆ ಬಿದ್ದ ಸೀಳುಗೆರೆ ಪೂರ್ತಿ ಮಾಯುವುದಿಲ್ಲ.

ನಾಲ್ಕನೆಯವನು ಅಧಿಕಾರಿ ಲೇಪಕ, ಅಂದರೆ ಮುಲಾಮಿಗೆ ನಿಜವಾದ ಅಧಿಕಾರ ಇರುವವನು. ಸವದತ್ತಿಯ ಕಡೆ ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸ ಕಿತ್ತವನ ಕಣ್ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳನ್ನು ನೋಡಿ: ಕೆಂಪೆದ್ದು, ದಪ್ಪಗಾಗಿ, ಒಸರುತ್ತಿರುತ್ತವೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಸ, ಅಂದರೆ ಪಾರ್ಥೇನಿಯಂ ಗಿಡ, ದೇಶವನ್ನೇ ಹಬ್ಬಿತು. ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಕಸ ಇನ್ನೂ ಇದೆ. ಅದರ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು, ಒಗ್ಗದವರ ಮೈ ಸಿಡಿಯುತ್ತದೆ. ಇಲ್ಲಿ ಸ್ಟಿರಾಯ್ಡ್ ಮುಲಾಮು ಬೇಕೇ ಬೇಕು, ಕೆಲವರಿಗೆ ಗುಳಿಗೆಯೂ ಬೇಕಾಗುತ್ತದೆ. ತುಂಬುತೋಳಿನ ಅಂಗಿ, ಕೈಗವಸು, ಹೊಲದಿಂದ ಬಂದೊಡನೆ ಜಳಕ, ಬಟ್ಟೆ ಬೇರೆ ಒಗೆಯುವುದು, ಇವಿಲ್ಲದೆ ಬರೀ ಮುಲಾಮು ಹಚ್ಚುವುದು ತೂತು ಕೊಡಕ್ಕೆ ನೀರು ಸೇದಿದಂತೆ.

ಐದನೆಯದು ಅಂಜುಬುರುಕ ಲೇಪಕ. ಮೇಲಿನ ಕಥೆಗಳನ್ನೆಲ್ಲ ಕೇಳಿ ಹುಟ್ಟಿದ ವರ್ಗ, ಆದ್ದರಿಂದ ಪಾಪದಲ್ಲಿ ನನ್ನದೂ ಪಾಲಿದೆ. ವೈದ್ಯರು ಬರೆದುಕೊಟ್ಟರೂ ಸಾಸಿವೆಯಷ್ಟು ಮುಟ್ಟಿಸಿ, ಎರಡು ದಿನಕ್ಕೆ ನಿಲ್ಲಿಸಿ, 'ಔಷಧಿ ನಾಟಲಿಲ್ಲ' ಎನ್ನುತ್ತಾರೆ. ಇವರಿಗಾಗಿಯೇ ಬೆರಳುತುದಿಯ ಅಳತೆ ಇದೆ. ತೋರುಬೆರಳಿನ ಮೇಲ್ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಬೆರಳೂ ಸೇರಿದ ಎರಡು ಅಂಗೈಯಗಲದ ಜಾಗಕ್ಕೆ ಅದು ಸಾಕು. ಒಂದು ಇಡೀ ತೋಳಿಗೆ 3 ಗೆರೆ, ಒಂದು ಕಾಲಿಗೆ 6. ಕಡಿಯುವ ಜಾಗಕ್ಕಷ್ಟೇ, ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಕೈ ತೊಳೆದು ತೆಳ್ಳಗೆ ಹರಡಬೇಕು, ಗಸಗಸ ತಿಕ್ಕಬಾರದು. ಒಣಚರ್ಮಕ್ಕೆ ತೇವ ಕೊಡುವ ಬಿಳಿ ಕ್ರೀಮು ಹಚ್ಚುವವರು ಎರಡರ ನಡುವೆ ಅರ್ಧ ತಾಸು ಬಿಟ್ಟರೆ ಒಳ್ಳೆಯದು. ದಪ್ಪ ಒಣ ಚರ್ಮಕ್ಕೆ ಜಿಡ್ಡಿನ ಮುಲಾಮು, ಒಸರುವ ಕಡೆ ಕ್ರೀಮು, ತಲೆಗೆ ಲೋಷನ್. ಮುಖ ಮತ್ತು ಸಂದಿಗೆ ಮೃದು ದರ್ಜೆ, ಅದೂ ಕೆಲವೇ ದಿನ. ಅತಿತೀಕ್ಷ್ಣವಾದರೆ ಸಾಮಾನ್ಯವಾಗಿ ಒಮ್ಮೆಗೆ ಎರಡು ವಾರ ಮೀರಬಾರದು, ವಾರಕ್ಕೆ 50 ಗ್ರಾಂ ಗಡಿ.

ಲೇಪಕರಲ್ಲದಿದ್ದರೂ ಗ್ರಂಥದಲ್ಲಿ ಜಾಗ ಪಡೆಯುವವರು ಕೊಡುವವರು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಕಟ್ಟಿಗೆ ತಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಷೇಧವಾದ 328 ಮಿಶ್ರಣಗಳಲ್ಲಿ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಎಲ್ಲವನ್ನೂ ಒಂದೇ ಟ್ಯೂಬಿಗೆ ತುಂಬಿದ ಚರ್ಮದ ಕ್ರೀಮುಗಳೂ ಇದ್ದವು. ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ಅಂಗಡಿಯವರ ಪೂರ್ವಪಕ್ಷ. ಅದಕ್ಕೆ ಉತ್ತರ: ಪಕ್ಕದ ಅಂಗಡಿಯವರೂ ಕೇಳಬೇಕು.

ಓದುಗರಲ್ಲಿ ಒಂದೇ ಬಿನ್ನಹ. ಮನೆಯಲ್ಲಿರುವ ಟ್ಯೂಬನ್ನು ತೆಗೆದು ದೊಡ್ಡ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂದಿದ್ದರೆ ಅದು ಸ್ಟಿರಾಯ್ಡ್. ತಾಲೂಕು ಆಸ್ಪತ್ರೆಗೋ ಚರ್ಮದ ಡಾಕ್ಟರ ಹತ್ತಿರವೋ ಹೋಗುವಾಗ, ಖಾಲಿಯಾಗಿದ್ದರೂ ಸರಿ, ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ; ಎಷ್ಟು ತಿಂಗಳು ಹಚ್ಚಿದ್ದೀರಿ ಎಂದು ಅವರು ಕೇಳಿದರೆ ನಿಜ ಹೇಳಿ.