ಒಂದು ಗಂಟೆ, ಹನ್ನೊಂದು ಜನ ಕಳ್ಳರು: ಹಳೆವಿದ್ಯಾರ್ಥಿ ವಾಙ್ಮಯದ ಪಾಠವಿಮರ್ಶೆ

ಕನ್ನಡ ವಾಙ್ಮಯವನ್ನು ಹಿರಿಯ ವಿದ್ವಾಂಸರು ಚಂಪೂ, ವಚನ, ರಗಳೆ, ಷಟ್ಪದಿ, ಸಾಂಗತ್ಯ ಎಂದು ವಿಂಗಡಿಸಿ ಕೈ ತೊಳೆದುಕೊಂಡುಬಿಟ್ಟರು. ಇವಿಷ್ಟನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿದರೂ ಮೇಲೇಳದ ಇನ್ನೊಂದು ಪ್ರಕಾರ ಇದೆ. ಪ್ರತಿ ಡಿಸೆಂಬರಿನಲ್ಲಿ ಊರೂರಲ್ಲಿ ಅದರ ಹೊಸ ಕೃತಿಗಳು ಹುಟ್ಟುತ್ತವೆ, ಹಳೆಯವು ಉದ್ದವಾಗುತ್ತವೆ. ಅದೇ ಹಳೆವಿದ್ಯಾರ್ಥಿ ವಾಙ್ಮಯ. ಲಾಕ್ಷಣಿಕರು ಯಾರೂ ಇದರ ಗೊಡವೆಗೆ ಹೋಗದ ಕಾರಣ ಸೂತ್ರವನ್ನು ನಾವೇ ಕಟ್ಟಬೇಕಾಯಿತು: ‘ಐವತ್ತು ದಾಟಿದವರು, ಹದಿನಾರು ದಾಟದ ತಮ್ಮನ್ನು ಕುರಿತು, ಕೇಳುವವರಿಲ್ಲದಾಗಲೂ ಹೇಳುವಂಥದು.’ ಕೇಳುವವರಿಲ್ಲ ಎಂದರೆ ಸಭೆ ಖಾಲಿ ಎಂದಲ್ಲ. ಎಲ್ಲರೂ ತಮ್ಮ ಸರದಿಗೆ ಕಾಯುತ್ತಿದ್ದಾರೆ ಎಂದು ವೃತ್ತಿ.

ಅಧ್ಯಯನಕ್ಕೆ ಆರಿಸಿಕೊಂಡದ್ದು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯ 1983ರ ಎಸ್ಸೆಸ್ಸೆಲ್ಸಿ ಬ್ಯಾಚು. ಶಾಲೆಯ ಹೆಸರನ್ನು ಶಾಸ್ತ್ರಮರ್ಯಾದೆಗಾಗಿ ಮುಚ್ಚಿಟ್ಟಿದ್ದೇವೆ. ಸಂಶೋಧಕನೂ ಅದೇ ಬ್ಯಾಚಿನವನು ಎಂಬುದನ್ನು ಮುಚ್ಚಿಡಲು ಆಗಿಲ್ಲ. ಕ್ಷೇತ್ರಕಾರ್ಯ ನಡೆದದ್ದು ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ದ ದಿನ, ಶಾಲೆಯ ಅಂಗಳದಲ್ಲಿ ಹಾಕಿದ ಶಾಮಿಯಾನದಡಿ. ಊಟಕ್ಕೆ ಅಪ್ಪೆಹುಳಿ ಇದ್ದದ್ದರಿಂದ ಮಧ್ಯಾಹ್ನ ಎರಡರ ಮೇಲಿನ ಟಿಪ್ಪಣಿಗಳು ಸ್ವಲ್ಪ ತೂಕಡಿಸಿವೆ. ವಿದ್ವಾಂಸರು ಕ್ಷಮಿಸಬೇಕು.

ಮೊದಲು ಶಾಸನಾಧಾರ. ಬಿ.ಎಲ್. ರೈಸ್ ಸಾಹೇಬರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಸೀಮೆಯ ಕಲ್ಲುಕಲ್ಲನ್ನೂ ಹುಡುಕಿ ಓದಿಸಿದ ಆ ಪುಣ್ಯಾತ್ಮರಿಗೆ ಹತ್ತನೇ ‘ಬಿ’ಯ ಕೊನೇ ಬೆಂಚು ಸಿಗಲಿಲ್ಲ. ಬೆಂಚು ಆಗಿನ್ನೂ ಮರವಾಗಿತ್ತು. ಅದರ ಬಲಮೂಲೆಯಲ್ಲಿ ಕೈವಾರದ ಮುಳ್ಳಿನಿಂದ ಕೊರೆದ ಮೂರು ಸಾಲುಗಳಿವೆ. ಮೊದಲನೆಯದರಲ್ಲಿ ಇಬ್ಬರ ಇನಿಷಿಯಲ್ಲು, ನಡುವೆ ಕೂಡುವ ಚಿಹ್ನೆ. ಎರಡನೆಯದನ್ನು ಯಾರೋ ಬ್ಲೇಡಿನಿಂದ ಹೆರೆದು ತೆಗೆದಿದ್ದಾರೆ. ಮೂರನೆಯದು, ‘ಇದನ್ನ ಅಳಿಸಿದವ ಫೇಲು’. ಹಳೆಯ ದಾನಶಾಸನಗಳ ಕೊನೆಗೆ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಎಂಬ ಶಾಪಾಶಯ ಇರುತ್ತದಲ್ಲ, ಅದರ ನೇರ ವಾರಸುದಾರ ಇದು. ಶಾಪ ಫಲಿಸಿದ್ದಕ್ಕೂ ಸಾಕ್ಷಿ ಇದೆ. ಎರಡನೇ ಸಾಲು ಹೆರೆದವನು ಆ ವರ್ಷ ಗಣಿತದಲ್ಲಿ ಡುಮ್ಕಿ ಹೊಡೆದ. ಈಗ ದೊಡ್ಡ ಗುತ್ತಿಗೆದಾರ, ಶಾಮಿಯಾನದ ಖರ್ಚು ಅವನದೇ. ಇನಿಷಿಯಲ್ಲಿನ ಒಡತಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮಗುವನ್ನು ಅದೇ ಬೆಂಚಿನ ಮೇಲೆ ಕೂರಿಸಿ ಕೈಗೊಂದು ಚಕ್ಕುಲಿ ಕೊಟ್ಟರು. ಶಾಸನದ ಕಡೆ ನೋಡಲಿಲ್ಲ ಎಂಬುದು ನಮ್ಮ ನಿಲುವು. ನೋಡಿದರು, ಸೆರಗಿನಿಂದ ಧೂಳೂ ಒರೆಸಿದರು ಎಂಬುದು ಪ್ರತಿಪಕ್ಷ.

ಕಾಲನಿರ್ಣಯ ಈ ವಾಙ್ಮಯದ ದೊಡ್ಡ ತೊಡಕು. ಇಲ್ಲಿ ನಡೆಯುವುದು ಕ್ರಿಸ್ತಶಕವೂ ಅಲ್ಲ, ಶಾಲಿವಾಹನ ಶಕವೂ ಅಲ್ಲ, ಮಾರಿಜಾತ್ರೆ ಶಕ. ‘ಅದು ಜಾತ್ರೆ ವರ್ಷ ಮಾರಾಯ’ ಎಂದು ಕಥನ ಶುರುವಾಗುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಹಾಗಾಗಿ ಎಂಟನೇ ಕ್ಲಾಸಿನ ಘಟನೆ ಒಂದು ಏಟಿಗೆ ಐದಕ್ಕೆ ಇಳಿಯುತ್ತದೆ, ಇಲ್ಲವೇ ಹನ್ನೊಂದಕ್ಕೆ ಏರುತ್ತದೆ. ನಮ್ಮ ಶಾಲೆಯಲ್ಲಿ ಹನ್ನೊಂದನೇ ಕ್ಲಾಸೇ ಇರಲಿಲ್ಲವಲ್ಲ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಶಿರಸಿಗೆ ಮದುವೆಯಾಗಿ ಹೋದವರ ಲೆಕ್ಕ ಇನ್ನೂ ಗೋಜಲು, ಅಲ್ಲಿ ಜಾತ್ರೆ ಎರಡು ವರ್ಷಕ್ಕೊಮ್ಮೆ.

ಜನ್ಮದಿನಾಂಕದ ಸಮಸ್ಯೆಯಂತೂ ಪ್ರತ್ಯೇಕ ಗ್ರಂಥಕ್ಕಾಗುವಷ್ಟಿದೆ. ಬ್ಯಾಚಿನ ಅರ್ಧಕ್ಕಿಂತ ಹೆಚ್ಚು ಮಂದಿ ಹುಟ್ಟಿದ್ದು ಜೂನ್ 1ರಂದು. ಸುತ್ತಲ ಹಳ್ಳಿಗಳಲ್ಲಿ ಒಂದೇ ದಿನ ಇಷ್ಟು ಹೆರಿಗೆಯಾದರೆ ಇದ್ದೊಬ್ಬ ಸೂಲಗಿತ್ತಿ ಏನು ಮಾಡಿಯಾಳು ಎಂಬ ಪ್ರಶ್ನೆ ನಮ್ಮನ್ನು ಬಹಳ ಕಾಡಿತು. ಉತ್ತರ ಸಿಕ್ಕಿದ್ದು ದಾಖಲಾತಿಯ ಪದ್ಧತಿಯಲ್ಲಿ. ‘ನಟ್ಟಿ ಹೊತ್ತಿಗೆ ಹುಟ್ಟಿದ್ದು, ಕೆಂಪು ದನ ಕರು ಹಾಕಿದ ವರ್ಷ’ ಎಂದು ಅಪ್ಪ ಹೇಳುತ್ತಿದ್ದ. ಮಾಸ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು, ಶಾಲೆ ಶುರುವಾಗುವ ತಿಂಗಳ ಮೊದಲ ದಿನವೇ ಜನ್ಮದಿನವಾಯಿತು. ಇದರ ಫಲ ಸರ್ಕಾರಿ ನೌಕರರಿಗೆ 60ಕ್ಕೆ ಸಿಗುತ್ತದೆ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರು. ಮೇ 31 ಬಂತೆಂದರೆ ಕಚೇರಿ ಕಚೇರಿಯಲ್ಲಿ ಹಾರ, ಶಾಲು, ಖಾರಾಬೂಂದಿ ಹಂಚಲು ಪುರುಸೊತ್ತಿರುವುದಿಲ್ಲ. ಅಂದು ಕಿವಿ ಮುಟ್ಟಿದ ಕೈ ಇಂದು ಪಿಂಚಣಿ ಕಾಗದಕ್ಕೆ ರುಜು ಹಾಕುತ್ತದೆ.

ಇನ್ನು ವಂಶಾವಳಿ ಪರ್ವ. ನಮ್ಮ ಸೀಮೆಯಲ್ಲಿ ಇನಿಷಿಯಲ್ಲಿನ ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಬ್ಯಾಚಿನ ಐದಾರು ಜನರ ಮೊದಲ ಅಕ್ಷರದ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಅದು ನೀರಿನಡಿಗೆ ಹೋಯಿತು. ಅವರಲ್ಲೊಬ್ಬ ನಮ್ಮ ಮಾಹಿತಿದಾರ. ಮನೆಯ ಬಾಗಿಲು, ತೊಲೆ, ಒರಳುಕಲ್ಲುಗಳನ್ನು ಲಾರಿಗೆ ಹೇರಿಕೊಂಡು ಬಂದದ್ದನ್ನು ಅವನು ಕಣ್ಣಾರೆ ಕಂಡವನಂತೆ ಹೇಳುತ್ತಾನೆ. ಅವನು ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಯಲ್ಲಿ, 1948ರಲ್ಲಿ ಕಟ್ಟಿ ಹದಿನಾರೇ ವರ್ಷಕ್ಕೆ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅಂಥ ವರ್ಷ ಅವನಪ್ಪ ಬುತ್ತಿ ಕಟ್ಟಿಕೊಂಡು ಹೊಳೆ ಕಡೆ ಹೋಗುತ್ತಿದ್ದರಂತೆ.

‘ಎಂತಕ್ಕೆ?’

‘ಬಾವಿಕಟ್ಟೆ ಎಲ್ಲಿತ್ತು ಅಂತ ನೋಡಕ್ಕೆ.’

‘ಸಿಕ್ತಾ?’

‘ಪ್ರತಿ ಸಲನೂ ಬೇರೆ ಬೇರೆ ಜಾಗದಲ್ಲಿ ಸಿಗ್ತಿತ್ತು.’

ಇದಕ್ಕೆ ಟಿಪ್ಪಣಿ ಬರೆಯಲು ಪೆನ್ನು ತೆಗೆದೆವು. ಏನೂ ಹೊಳೆಯದೆ ಮತ್ತೆ ಜೇಬಿಗೆ ಸಿಕ್ಕಿಸಿಕೊಂಡೆವು.

ಅಜ್ಜಂದಿರ ವಿಷಯದಲ್ಲಿ ಪಠ್ಯ ಇಷ್ಟು ಪ್ರಾಮಾಣಿಕವಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. ಗೇಣಿ ಭತ್ತ ಅಳೆಯುವ ಕೊಳಗದ ಜಗಳ ಲೋಹಿಯಾ ಅವರ ಬಂಧನದವರೆಗೂ ಬೆಳೆಯಿತು. ಮೈಕು ಹಿಡಿದವರ ಮಾತಿನ ಪ್ರಕಾರ ಬ್ಯಾಚಿನ ಅಜ್ಜಂದಿರೆಲ್ಲ ಸತ್ಯಾಗ್ರಹಿಗಳೇ. ಒಡೆಯರ ಕಡೆ ಒಬ್ಬರೂ ಇರಲಿಲ್ಲ. ಹಾಗಾದರೆ ಗೇಣಿಯನ್ನು ಯಾರಿಗೆ ಅಳೆದು ಕೊಡುತ್ತಿದ್ದರು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ. ಮುಂದೆ 1974ರ ಭೂಸುಧಾರಣೆಯಲ್ಲಿ ಗದ್ದೆ ಕಳಕೊಂಡ ಮನೆಯ ಹುಡುಗನೂ ಅದೇ ಗದ್ದೆ ಪಡೆದ ಮನೆಯ ಹುಡುಗನೂ ನಮ್ಮ ಕ್ಲಾಸಿನಲ್ಲಿ ಅಂಟಿಕೊಂಡೇ ಕೂರುತ್ತಿದ್ದರು. ಆ ಗದ್ದೆಯ ಸುದ್ದಿ ಅಂದೂ ಎತ್ತಿದ್ದಿಲ್ಲ, ಮೊನ್ನೆಯೂ ಎತ್ತಲಿಲ್ಲ. ಓಲೆಗರಿಯಲ್ಲಿ ನಡುವೆ ಒಂದು ಗರಿ ಕಳೆದುಹೋದರೆ ಸಂಪಾದಕರು ‘ಇಲ್ಲಿ ಗ್ರಂಥಪಾತ’ ಎಂದು ಬರೆಯುತ್ತಾರೆ. ಪಂಕ್ತಿಯಲ್ಲಿ ಅವರಿಬ್ಬರ ಎಲೆ ಅಕ್ಕಪಕ್ಕ ಬಿದ್ದಿತ್ತು. ‘ಉಪ್ಪಿನಕಾಯಿ ಈ ಕಡೆ ದೂಡೋ’ ಎಂಬಲ್ಲಿಂದ ಪಠ್ಯ ಮತ್ತೆ ಶುರುವಾಗುತ್ತದೆ.

ಊರ ಸುದ್ದಿಗಳನ್ನು ವಿಂಗಡಿಸಲು ನಮ್ಮಲ್ಲಿ ಸಿದ್ಧ ಶಾಸ್ತ್ರವೇ ಇದೆ, ಅಡಿಕೆ ಮಂಡಿಯದು. ಯಾರ ಮಗಳು ಯಾರ ಜೊತೆ ಹೋಗಿ ರಿಜಿಸ್ಟರ್ ಮದುವೆಯಾದಳು ಎಂಬುದು ‘ಸರಕು’. ಆಸ್ತಿ ಪಾಲಿನ ಸುದ್ದಿ ‘ಬೆಟ್ಟೆ’. ಮಂಡಿನೋವು, ಸಕ್ಕರೆ ಕಾಯಿಲೆ, ಮಗನ ಬೆಂಗಳೂರು ಫ್ಲಾಟು ಎಲ್ಲ ‘ರಾಶಿ’, ಇದ್ದಲ್ಲೆಲ್ಲ ಇರುತ್ತದೆ. ಶಾಲೆಗೆ ಮಕ್ಕಳೇ ಬರುತ್ತಿಲ್ಲ, ಮುಚ್ಚಬಹುದು ಎಂದು ಈಗಿನ ಹೆಡ್‌ಮಾಸ್ಟ್ರು ಹೇಳಿದ್ದು ಮಾತ್ರ ‘ಗೊರಬಲು’. ಯಾರೂ ಕೈ ಹಾಕಲಿಲ್ಲ. ಅಂದು ಶಾಲೆಯಲ್ಲಿ ಹಂಚುತ್ತಿದ್ದ ಹಳದಿ ಹಿಟ್ಟಿನ ಕೇರ್ ಉಪ್ಪಿಟ್ಟಿನ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಅದರ ರುಚಿಯ ಬಗ್ಗೆ ಇಷ್ಟು ಕಾವ್ಯ ಹುಟ್ಟಿರುವಾಗ, ಆಗ ಅದನ್ನು ನಾಯಿಗೆ ಹಾಕುತ್ತಿದ್ದವರು ಯಾರು ಎಂಬುದು ತಿಳಿಯದು.

ಈಗ ಪ್ರಬಂಧದ ಹೃದಯಭಾಗ. ನಮ್ಮ ಬ್ಯಾಚಿನ ಎಲ್ಲ ಉಪಾಖ್ಯಾನಗಳಿಗೂ ತಾಯಿಬೇರು ‘ಗಂಟೆ ಅಪಹರಣ ಪ್ರಕರಣ’. ನಮ್ಮ ಶಾಲೆಯ ಗಂಟೆ ಎಂದರೆ ಹಲಸಿನ ಮರಕ್ಕೆ ತಂತಿಯಲ್ಲಿ ಕಟ್ಟಿದ ರೈಲುಹಳಿಯ ತುಂಡು. ತಾಳಗುಪ್ಪಕ್ಕೆ ಮೀಟರ್‌ಗೇಜ್ ಇದ್ದ ಕಾಲದ್ದು. 1982ರ ಆಗಸ್ಟಿನ ಒಂದು ಬೆಳಿಗ್ಗೆ, ಕಿರುಪರೀಕ್ಷೆಯ ದಿನ, ಹಳಿ ಮರದಲ್ಲಿರಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತು. ಕದ್ದವರಿಗೆ ಹೆಡ್‌ಮಾಸ್ಟ್ರು ನಾಗರಬೆತ್ತದಲ್ಲಿ ಅಂಗೈಗೆ ಐದೈದು ಕೊಟ್ಟರು. ಇಷ್ಟು ಸರ್ವಸಮ್ಮತ ಪಾಠ.

ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದ ಪಾಠಾಂತರಗಳನ್ನು ಸಂಗ್ರಹಿಸಿದೆವು. ಬೆಂಗಳೂರು ಪಾಠದಲ್ಲಿ ಹಳಿಯನ್ನು ಬಾವಿಗೆ ಎಸೆಯಲಾಯಿತು. ಊರಲ್ಲೇ ಉಳಿದವರ ಪಾಠದಲ್ಲಿ ಹುಲ್ಲುಬಣವೆಯೊಳಗೆ ಹುಗಿಯಲಾಯಿತು. ಅಮೆರಿಕದಿಂದ ಬಂದವನ ಪಾಠದಲ್ಲಿ ಹಳಿ ನಲವತ್ತು ಕೆ.ಜಿ. ಇತ್ತು, ಹೊತ್ತವನು ಅವನೊಬ್ಬನೇ. ಗಜಕ್ಕೆ 60 ಪೌಂಡಿನ ಹಳಿ ಎಂದಿಟ್ಟುಕೊಂಡರೆ ಒಂದೂವರೆ ಅಡಿಯ ತುಂಡಿಗೆ 30 ಪೌಂಡು, ಅಂದರೆ ಹದಿಮೂರೂವರೆ ಕೆ.ಜಿ. ಉಳಿದ ಇಪ್ಪತ್ತಾರೂವರೆ ಕೆ.ಜಿ. ನ್ಯೂಜೆರ್ಸಿಯಲ್ಲಿ ಸೇರಿಕೊಂಡದ್ದು. ಅಂದು ಏಟು ತಿಂದವರು ನಾಲ್ವರು ಎಂದು ಎಲ್ಲರೂ ಒಪ್ಪುತ್ತಾರೆ. ಆ ನಾಲ್ವರಲ್ಲಿ ತಾನೊಬ್ಬ ಎಂದು ಮೊನ್ನೆ ಅಂಗೈ ತೋರಿಸಿದವರು ಹನ್ನೊಂದು ಜನ. ಸಂಶೋಧಕನೂ ಅವರಲ್ಲೊಬ್ಬ. ಅವನ ಎಡ ಅಂಗೈಯಲ್ಲಿ ಮಳೆಗಾಲದಲ್ಲಿ ಈಗಲೂ ಸಣ್ಣಗೆ ಚುರುಗುಟ್ಟುತ್ತದೆ.

ಮಹಿಳಾ ಪಾಠವೊಂದು ಅನಿರೀಕ್ಷಿತವಾಗಿ ಸಿಕ್ಕಿತು. ಎಲೆಯಡಿಕೆ ತಟ್ಟೆಯ ಹತ್ತಿರ ಕೂತಿದ್ದ ಸಹಪಾಠಿಯೊಬ್ಬರು ನಮ್ಮ ಟಿಪ್ಪಣಿ ಪುಸ್ತಕ ನೋಡಿ ನಕ್ಕರು.

‘ಎಂತ ಕಳ್ಳತನನೋ? ತಂತಿ ತುಕ್ಕು ಹಿಡಿದು ಹಳಿ ಕೆಳಗೆ ಬಿದ್ದಿತ್ತು. ಜವಾನಣ್ಣ ಎತ್ತಿ ಸೌದೆ ಕೊಟ್ಟಿಗೆಲಿ ಇಟ್ಟಿದ್ದ. ನೀರು ಕುಡಿಯಕ್ಕೆ ಹೋದಾಗ ನಾವು ಹುಡುಗೀರೆಲ್ಲ ನೋಡಿದ್ವಲ್ಲ.’

‘ಹಾಗಾದ್ರೆ ಅವತ್ತೇ ಹೇಳಬೇಕಿತ್ತಲ್ಲ ಮಾರಾಯ್ತಿ?’

‘ನೀವ್ಯಾರು ನಮ್ಮನ್ನ ಕೇಳಿದ್ರಿ?’

ಎರಡು ಪಾಠಗಳಿದ್ದಾಗ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ ಎಂಬುದು ಗ್ರಂಥಸಂಪಾದಕರ ಹಳೆಯ ನಿಯಮ. ಈ ಪಾಠ ತೀರಾ ಸರಳವಾದ್ದರಿಂದ ಪ್ರಕ್ಷಿಪ್ತವೆಂದು ತೀರ್ಮಾನಿಸಿ ಅಡಿಟಿಪ್ಪಣಿಗೆ ಇಳಿಸಿದೆವು. ಅಡಿಟಿಪ್ಪಣಿಯನ್ನು ಆಮೇಲೆ ಕೈಬಿಟ್ಟೆವು.

ಬದುಕಿರುವ ಪ್ರಮಾಣಪುರುಷರೆಂದರೆ ನಮ್ಮ ಗಣಿತದ ಮಾಸ್ಟ್ರು. ಎಂಬತ್ತರ ಮೇಲಾಗಿದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಮೂರರ ನಡುವೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಗಂಟೆಯ ಪ್ರಕರಣ ಕೇಳಿದಾಗ ಗಂಭೀರವಾಗಿ ತಲೆಯಾಡಿಸಿ, ತಮ್ಮ ಸರ್ವಿಸ್ಸಿನಲ್ಲಿ ಕಂಡ ಅತ್ಯಂತ ಬುದ್ಧಿವಂತ ಹುಡುಗನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆ ಹುಡುಗ ನಮ್ಮ ಬ್ಯಾಚಿನವನಲ್ಲ, ನಮ್ಮ ಶಾಲೆಯವನೂ ಅಲ್ಲ.

ಉಳಿದದ್ದು ಲಿಖಿತ ಆಕರ. ಈಗಿನ ಹೆಡ್‌ಮಾಸ್ಟ್ರು ಕಬ್ಬಿಣದ ಬೀರುವಿನಿಂದ 1982-83ರ ಹಾಜರಿ ಪುಸ್ತಕ ತಂದುಕೊಟ್ಟರು. ಬೆನ್ನು ಒರಲೆ ತಿಂದಿತ್ತು, ಆದರೆ ಆಗಸ್ಟ್ ಪೂರ್ತಿ ಇತ್ತು. ಬೆಳಿಗ್ಗೆಗೊಂದು ಓರೆಗೆರೆ, ಮಧ್ಯಾಹ್ನಕ್ಕೊಂದು ಅಡ್ಡ ಓರೆಗೆರೆ. ಒಟ್ಟಿಗೆ ನೋಡಿದರೆ ಪುಟದ ತುಂಬ ಬುಟ್ಟಿ ಹೆಣೆದಂತೆ. ಬೆರಳಿಟ್ಟು ಕೆಳಗಿಳಿಯುತ್ತ ಹೋಗಿ ಒಂದು ಹೆಸರಿನ ಹತ್ತಿರ ನಿಂತೆವು. ಇಲ್ಲಿಯವರೆಗೆ ‘ನಾವು’ ಎಂದು ಬರೆದದ್ದು ಇನ್ನು ‘ನಾನು’ ಆಗಬೇಕಾಗಿದೆ. ಆ ವಾರವಿಡೀ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈ’, ‘ಗೈ’, ‘ಗೈ’. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ‘ಮಂಗಬಾವು. ತಂದೆಯವರ ಚೀಟಿ ಬಂದಿದೆ.’

ಮಂಗಬಾವು ಬಂದದ್ದು ಚೆನ್ನಾಗಿ ನೆನಪಿದೆ. ಗಲ್ಲಕ್ಕೆ ಅಮ್ಮ ಹಚ್ಚಿದ ಲೇಪದ ವಾಸನೆಯೂ ನೆನಪಿದೆ. ಏಟೂ ನೆನಪಿದೆ. ಹೆಡ್‌ಮಾಸ್ಟ್ರ ತೋಳಿನ ಗುಂಡಿ ಒಂದು ಕಿತ್ತಿದ್ದದ್ದು, ಮೂರನೇ ಏಟಿಗೆ ಬೆತ್ತ ಸೀಳಿದ್ದು, ಎಲ್ಲ.

ಪುಸ್ತಕ ಮುಚ್ಚುವಷ್ಟರಲ್ಲಿ ವೇದಿಕೆಯಿಂದ ನನ್ನ ಹೆಸರು ಕೂಗಿದರು. ‘ಗಂಟೆ ಕಥೆ, ಗಂಟೆ ಕಥೆ’ ಎಂದು ಹಿಂದಿನ ಸಾಲಿನವರು ಬೊಬ್ಬೆ ಹೊಡೆಯುತ್ತಿದ್ದರು. ಎಲೆಯಡಿಕೆ ತಟ್ಟೆಯ ಹತ್ತಿರ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು. ಹಾಜರಿ ಪುಸ್ತಕವನ್ನು ಕುರ್ಚಿಯ ಕೆಳಗೆ ತಳ್ಳಿ, ಹೋಗಿ ಮೈಕು ಹಿಡಿದೆ.

‘ಹಳಿ ನಲವತ್ತು ಕೆ.ಜಿ. ಅಂತ ಇವನು ಹೇಳ್ತಾನೆ,’ ಎಂದು ಶುರುಮಾಡಿದೆ. ‘ಐವತ್ತಕ್ಕೆ ಕಮ್ಮಿ ಇರಲಿಲ್ಲ.’