ಪರೀಕ್ಷಾ ಭೂಗೋಳ: ಕಾಳಿ ಮತ್ತು ಗಂಗಾವಳಿ ತೀರಗಳಲ್ಲಿ ಅದರ ರಚನೆ, ಸವಕಳಿ ಹಾಗೂ ಸಂಚಯನ

ಭೂಮಿಯ ಬಗ್ಗೆ ಕೇಳಬಹುದಾದ ಪ್ರಶ್ನೆಗಳನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಪರೀಕ್ಷಾ ಭೂಗೋಳವೆಂದು ಹೆಸರು. ಇದಕ್ಕೆ ಭೂಮಿಯೇ ಇರಬೇಕೆಂಬ ನಿಯಮವಿಲ್ಲ. ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರ ಇದ್ದರೆ ಸಾಕು. ಕರ್ನಾಟಕದಲ್ಲಿ ಈ ಶಾಸ್ತ್ರದ ಪೂರ್ಣಾವಸ್ಥೆ ಎಸ್ಸೆಸ್ಸೆಲ್ಸಿಯಲ್ಲಿ ಕಾಣಸಿಗುತ್ತದೆ. ಅಲ್ಲಿ ಭೂಗೋಳಕ್ಕೆ ಸ್ವಂತ ಪತ್ರಿಕೆಯಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳ ಜೊತೆ ಸಮಾಜ ವಿಜ್ಞಾನವೆಂಬ ಅವಿಭಕ್ತ ಕುಟುಂಬದಲ್ಲಿ ಅದರ ವಾಸ. ಕುಟುಂಬದಲ್ಲಿ ಚಿತ್ರ ಬಿಡಿಸಬಲ್ಲ ಮಗು ಅದೊಂದೇ ಆದ್ದರಿಂದ ನಕ್ಷೆಯ ಪ್ರಶ್ನೆ ಅದರ ಪಾಲಿಗೆ ಬಂದಿದೆ.

ಪ್ರಸ್ತುತ ಅಧ್ಯಯನದ ಕ್ಷೇತ್ರ ಉತ್ತರ ಕನ್ನಡದ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳು. ಪರೀಕ್ಷಾ ಭೂಗೋಳಕ್ಕೆ ಇಷ್ಟು ಅನನುಕೂಲವಾದ ಪ್ರದೇಶ ಇನ್ನೊಂದಿಲ್ಲ. ಪಠ್ಯದಲ್ಲಿರುವುದೆಲ್ಲ ಇಲ್ಲಿ ಕಿಟಕಿಯಾಚೆಗೇ ಇದ್ದುಬಿಟ್ಟಿದೆ. ಜಂಬಿಟ್ಟಿಗೆ ಮಣ್ಣಿನ ಪಾಠ ನಡೆಯುವಾಗ ಶಾಲೆಯ ಗೋಡೆಯೇ ಚಿರೆಕಲ್ಲಿನದು. ಜಲಸಂಪನ್ಮೂಲಕ್ಕೆ ಕದ್ರಾ ಅಣೆಕಟ್ಟು, ಶಕ್ತಿ ಸಂಪನ್ಮೂಲಕ್ಕೆ 220 ಮೆಗಾವಾಟಿನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರ, ಸಾರಿಗೆಗೆ ಕೊಂಕಣ ರೈಲು ಮತ್ತು ರಾಷ್ಟ್ರೀಯ ಹೆದ್ದಾರಿ 66, ಅರಣ್ಯಕ್ಕೆ ಸುತ್ತಲಿನ ಘಟ್ಟ. ಇಂಥ ಕಡೆ ವಿದ್ಯಾರ್ಥಿಯ ಗಮನ ಭೂಗೋಳದ ಪುಸ್ತಕದಿಂದ ಭೂಗೋಳದ ಕಡೆಗೆ ಜಾರುವ ಅಪಾಯ ಸದಾ ಇರುತ್ತದೆ. ಅನುಭವಿ ಶಿಕ್ಷಕರು ಕಿಟಕಿ ಮುಚ್ಚಿಸುವುದಕ್ಕೆ ಮಳೆಯ ಇರಿಚಲೊಂದೇ ಕಾರಣವಲ್ಲ. ಕಿನ್ನರ ಊರಿನ ಮಗು ಕೈಗಾದ ಕಡೆ ಹೋಗುವ ಬಸ್ಸನ್ನು ದಿನವೂ ಕಂಡಿದ್ದರೂ ಅಣುಸ್ಥಾವರವನ್ನು ಗುರುತಿಸೆಂದರೆ ಮೊದಲು ತಾರಾಪುರದ ಮೇಲೆ ಚುಕ್ಕಿ ಇಡುತ್ತದೆ. ತಾರಾಪುರ ಪಾಸಾಗಲು ಕೊಡುವ ಪ್ಯಾಕೇಜಿನಲ್ಲಿದೆ, ಬಸ್ಸು ಇಲ್ಲ.

ನಕ್ಷೆಯ ಪ್ರಶ್ನೆಯೇ ಈ ಶಾಸ್ತ್ರದ ಗರ್ಭಗುಡಿ. ವಿದ್ಯಾರ್ಥಿ ಭಾರತದ ರೂಪರೇಖೆಯನ್ನು ತಾನೇ ಬಿಡಿಸಿ 82½ ಡಿಗ್ರಿ ಪೂರ್ವ ರೇಖಾಂಶ, ನರ್ಮದಾ, ಹಿರಾಕುಡ್, ಕೊಚ್ಚಿ ಮುಂತಾದವನ್ನು ಗುರುತಿಸಬೇಕು. ಬಿಡಿಸುವ ವಿಧಾನದಲ್ಲಿ ಎರಡು ಪಂಥಗಳಿವೆ. ಚೌಕುಳಿ ಪಂಥದವರು ಪುಟವನ್ನು ಮನೆಗಳಾಗಿ ಭಾಗಿಸಿ, ಯಾವ ಮನೆಯಲ್ಲಿ ಗೆರೆ ಎಷ್ಟು ಬಾಗಬೇಕೆಂದು ಬಾಯಿಪಾಠ ಮಾಡಿಸುತ್ತಾರೆ. ತ್ರಿಕೋನ ಪಂಥದವರು ತಲೆಕೆಳಗಾದ ತ್ರಿಕೋನದಿಂದ ಆರಂಭಿಸಿ, ಗುಜರಾತಿಗೆ ಒಂದು ಮೂಗು, ಈಶಾನ್ಯಕ್ಕೆ ಒಂದು ಕೈ ಅಂಟಿಸುತ್ತಾರೆ. ಮೊದಲ ಪಂಥದ ಭಾರತ ನಿಖರ, ಆದರೆ ಗಂಟೆ ಬಾರಿಸುವಾಗ ಅದು ಆಂಧ್ರದವರೆಗೆ ಮಾತ್ರ ಮುಗಿದಿರುತ್ತದೆ. ಎರಡನೆಯದು ಬೇಗ ಮುಗಿಯುತ್ತದೆ. ಅದು ಭಾರತವೇ ಎಂಬುದಕ್ಕೆ ಕೆಳಗೆ ಬರೆದ ಹೆಸರೇ ಪ್ರಮಾಣ.

ಅಳತೆಯ ವಿಚಾರ ಇಲ್ಲಿ ಅಪ್ರಸ್ತುತವಾಗದು. ಭಾರತದ ಉತ್ತರ ದಕ್ಷಿಣ ಉದ್ದ 3,214 ಕಿಲೋಮೀಟರ್. ಉತ್ತರಪತ್ರಿಕೆಯಲ್ಲಿ ಅದನ್ನು 16 ಸೆಂಟಿಮೀಟರಿಗೆ ಇಳಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 200 ಕಿಲೋಮೀಟರ್ ಬೀಳುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನ ಗೆರೆ ನೆಲದ ಮೇಲೆ ಹತ್ತು ಕಿಲೋಮೀಟರ್ ಅಗಲ. ಆದ್ದರಿಂದ ಕಾರವಾರ, ಅಂಕೋಲಾ ಪೇಟೆ, ಬೇಲೆಕೇರಿ, ದೇವಬಾಗ ಎಲ್ಲವೂ ಪಶ್ಚಿಮ ಕರಾವಳಿಯ ಶಾಯಿಯ ಕೆಳಗೆ ಇವೆಯೆಂದು ಸಾಬೀತುಪಡಿಸಬಹುದು. 2010ರಲ್ಲಿ ಬೇಲೆಕೇರಿ ಬಂದರಿನಿಂದ ಜಪ್ತಿಯಾದ ಕಬ್ಬಿಣದ ಅದಿರು ಕಾಣೆಯಾದದ್ದಕ್ಕೂ ಈ ಗೆರೆಗೂ ಸಂಬಂಧ ಕಲ್ಪಿಸುವವರಿದ್ದಾರೆ. ಲೋಕಾಯುಕ್ತ ತನಿಖೆ ಬೇರೆ ಕಾರಣಗಳನ್ನು ಕಂಡುಕೊಂಡಿತು.

ಇನ್ನು ಕಾಲಮಾನದ ವಿಭಾಗ. ನೂರು ಅಂಕಗಳ ಲಿಖಿತ ಪತ್ರಿಕೆಯ ಯುಗ ಕಳೆದು, 2014-15ರಿಂದ 80 ಅಂಕ ಲಿಖಿತಕ್ಕೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಎಂಬ ಯುಗ ಬಂದಿತು. ಆಂತರಿಕ ಅಂಕಗಳ ಪುರಾವೆಯಾಗಿ ಥರ್ಮಾಕೋಲಿನ ಹಿಮಾಲಯಗಳು ಶಾಲೆಗಳಲ್ಲಿ ಹೇರಳವಾಗಿ ಬೆಳೆದವು. 2021ರ ಜುಲೈ 19ರದ್ದು ಸ್ವತಂತ್ರವಾದ ಒಂದು ಯುಗ. ಕೊರೊನಾ ಕಾರಣದಿಂದ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 40 ಅಂಕಗಳ ಬಹು ಆಯ್ಕೆಯ ಪ್ರಶ್ನೆಗಳು ಒಂದೇ ದಿನ ಬಂದವು. ಹಿಮಾಲಯದಿಂದ ಕನ್ಯಾಕುಮಾರಿಯವರೆಗಿನ ದೇಶವು ಒಎಂಆರ್ ಹಾಳೆಯ ವೃತ್ತಗಳಲ್ಲಿ ಅಡಗಿತು. ನಕ್ಷೆ ಬಿಡಿಸುವ ಎರಡೂ ಪಂಥಗಳಿಗೆ ಆ ವರ್ಷ ಕೆಲಸವಿರಲಿಲ್ಲ.

ಉತ್ತೀರ್ಣದ ಅಂಕವನ್ನು ಸಮುದ್ರಮಟ್ಟವೆಂದು ಗ್ರಹಿಸುವುದು ಕರಾವಳಿಯ ವಿದ್ವಾಂಸರಿಗೆ ಸಹಜ. ಶೇ 35 ಬಹುಕಾಲ ಸ್ಥಿರ ಮಟ್ಟವಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದೊಡನೆ ಉಬ್ಬರ ಏರಿ, ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ತಡೆಗೋಡೆ ಕಟ್ಟಿದ ಮೇಲೆ. 2025-26ರಿಂದ ಒಟ್ಟು ಶೇ 33, ಪ್ರತಿ ವಿಷಯದಲ್ಲಿ ಶೇ 30 ಎಂದು ನಿಗದಿಯಾಗಿ ಅನೇಕ ಭೂಭಾಗಗಳು ನೀರಿನಿಂದ ಮೇಲೆ ಕಾಣಿಸಿಕೊಂಡವು. ನೆಲ ಎದ್ದಿತೋ ನೀರು ಇಳಿಯಿತೋ ಎಂಬ ಚರ್ಚೆ ಭೂಗರ್ಭಶಾಸ್ತ್ರದಲ್ಲಿ ಹಳೆಯದು. ಇಲಾಖೆಯ ಮಟ್ಟದಲ್ಲಿ ಅದು ನೆಲ ಎದ್ದಿತೆಂದೇ ತೀರ್ಮಾನವಾಗಿದೆ.

ಋತುಗಳ ವಿಷಯದಲ್ಲಿ ಶಾಸ್ತ್ರಕ್ಕೂ ನಿಸರ್ಗಕ್ಕೂ ನೇರ ಘರ್ಷಣೆಯಿದೆ. ನೈರುತ್ಯ ಮಾನ್ಸೂನ್ ಪಾಠವನ್ನು ಅದು ಸುರಿಯುವ ಕಾಲದಲ್ಲಿ ಕಲಿಸುವುದು ಇಲ್ಲಿ ಸುಲಭವಲ್ಲ, ಏಕೆಂದರೆ ಅಷ್ಟರಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿರುತ್ತಾರೆ. ಪಾಠ ನಡೆಯುವುದು ಮುಂದೆ ರಜೆ ಸರಿದೂಗಿಸುವ ಯಾವುದೋ ಒಂದು ಒಣ ಶನಿವಾರದ ಮಧ್ಯಾಹ್ನ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳಾದವು: ಮೊದಲನೆಯದು ಮಾರ್ಚ್ 25ಕ್ಕೆ ಆರಂಭವಾಗಿ, ಎರಡನೆಯದು ಜೂನಿನಲ್ಲಿ, ಮೂರನೆಯದು ಆಗಸ್ಟಿನಲ್ಲಿ ನಡೆಯಿತು. ಆ ನಡುವೆ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿ ನದಿಯೊಳಗೂ ಬಿದ್ದಿತು, ಜೀವಗಳು ಹೋದವು. ಆಗಸ್ಟ್ 7ರ ನಸುಕಿಗೆ ಮುಂಚೆ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ನೈಸರ್ಗಿಕ ವಿಪತ್ತುಗಳು ಎಂಬುದು ಪಠ್ಯದ ಕೊನೆಯ ಭಾಗದಲ್ಲಿದೆ. ಭೂಕುಸಿತಕ್ಕೆ ಕಾರಣಗಳನ್ನು ಬರೆಯುವಾಗ ರಸ್ತೆಗಾಗಿ ಇಳಿಜಾರು ಕಡಿಯುವುದು ಎಂದರೆ ಅಂಕವಿದೆ. ಯಾವ ರಸ್ತೆ, ಯಾವ ಇಳಿಜಾರು ಎಂದು ಬರೆದರೆ ಹೆಚ್ಚಿನ ಅಂಕವಿಲ್ಲ. ಪರೀಕ್ಷಾ ಭೂಗೋಳ ಹೆಸರು ಹೇಳದೆ ಇರುವುದನ್ನು ಚೆನ್ನಾಗಿ ಕಲಿತಿದೆ.

ಶಿಕ್ಷಕರ ಸಿದ್ಧತೆಯನ್ನು ಸವಕಳಿ ಚಕ್ರವೆಂದು ವಿವರಿಸಲಾಗುತ್ತದೆ. ಜೂನಿನಲ್ಲಿ ಪಠ್ಯ ಎತ್ತರದ ಪರ್ವತ. ಅಕ್ಟೋಬರಿನ ಹೊತ್ತಿಗೆ ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟ್ ಎಂಬ ಗಾಳಿ ಬೀಸಿ, ಅಂಕ ಬಾರದ ಶಿಖರಗಳು ಉರುಳುತ್ತವೆ. ಡಿಸೆಂಬರಿನಲ್ಲಿ ವಿಶೇಷ ತರಗತಿ, ಗುಂಪು ಅಧ್ಯಯನ, ಸರಣಿ ಪರೀಕ್ಷೆಗಳ ಪ್ರವಾಹ. ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಯ ನಂತರ ಉಳಿಯುವ ಮೆಕ್ಕಲು ಮಣ್ಣಿಗೆ ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ: ಕೆಲವೇ ಪುಟ, ಅತ್ಯಂತ ಫಲವತ್ತು. 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಬಂದ ಮೇಲೆ ಪ್ರತಿ ಪಾಠದ ಕೊನೆಗೂ ಕಿರುಪರೀಕ್ಷೆ, ಅದರ ಅಂಕಗಳ ನಮೂದು. ಹೀಗಾಗಿ ಪಾಠಕ್ಕಿಂತ ಪಾಠದ ದಾಖಲೆ ದಪ್ಪವಾಗುವ ಪ್ರವೃತ್ತಿ ಕಂಡುಬಂದಿದೆ. ಗೋಡೆ ನಕ್ಷೆ ಸುರುಳಿಯಾಗಿ ಬೀರುವಿನ ಮೇಲಿರುತ್ತದೆ. ಗ್ಲೋಬು ತನಿಖಾಧಿಕಾರಿಗಳು ಬರುವ ದಿನ ಮಾತ್ರ ತಿರುಗುತ್ತದೆ.

ಮೌಲ್ಯಮಾಪನದಲ್ಲಿ ಮುಖ್ಯ ವಿವಾದ ಚುಕ್ಕಿಯ ಸ್ಥಾನ. ಕೊಚ್ಚಿಯನ್ನು ಅರಬ್ಬಿ ಸಮುದ್ರದಲ್ಲಿ ಗುರುತಿಸಿದ್ದರೆ, ಅದು ಬಂದರೇ ಆದ್ದರಿಂದ ಹಡಗಿನ ಕಡೆಯಿಂದ ನೋಡಿದಂತಾಯಿತು ಎಂದು ಅಂಕ ಕೊಡುವ ಉದಾರಿಗಳಿದ್ದಾರೆ. ಇಂದಿರಾ ಪಾಯಿಂಟ್ ಕೇಳಿದಾಗ ದ್ವೀಪಗಳನ್ನು ಬಿಡಿಸಲು ಮರೆತವರು ಅದನ್ನು ಶ್ರೀಲಂಕಾದ ಆಸುಪಾಸಿನಲ್ಲಿ ಸ್ಥಾಪಿಸುವುದುಂಟು. ಈ ವಿಷಯದಲ್ಲಿ ಉದಾರಿಗಳೂ ಮೌನ. ಅಸಮಾಧಾನವಿದ್ದವರು ಶುಲ್ಕ ತುಂಬಿ ಉತ್ತರಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು. ಪ್ರತಿಯಲ್ಲಿ ಶಾಯಿಯ ಕಲೆ, ಬೆವರಿನ ಗುರುತು ಎಲ್ಲವೂ ಕಪ್ಪಾಗಿ ಮೂಡುವುದರಿಂದ ಲಕ್ಷದ್ವೀಪಕ್ಕೆ ಹೊಸ ನಡುಗಡ್ಡೆಗಳು ಸೇರಿರುತ್ತವೆ. ಮರುಮೌಲ್ಯಮಾಪನದಲ್ಲಿ ಅವುಗಳಿಗೂ ಅಂಕ ಕೋರಬಹುದೇ ಎಂಬುದರ ಬಗ್ಗೆ ಸುತ್ತೋಲೆ ಬಂದಿಲ್ಲ.